ಕತೆ ಬಲ್ಲವರ ವಾದ: ಕರಾವಳಿಯ ಆಟದಲ್ಲಿ ಪಾತ್ರಚರ್ಚೆ ಬೆಳೆದ ಬಗೆ

ಕಾರವಾರದಿಂದ ಅಂಕೋಲೆಯತ್ತ ಹೆದ್ದಾರಿ 66 ಹಿಡಿದರೆ ಚೆಂಡಿಯಾ, ತೋಡೂರು, ಅಮದಳ್ಳಿ ಸಿಗುತ್ತವೆ. ಕಾರವಾರದ ಕಡೆ ಕೊಂಕಣಿ ದಟ್ಟ, ಅಂಕೋಲೆಯ ಕಡೆ ಕನ್ನಡ ದಟ್ಟ. ನಡುವಿನ ಊರುಗಳಲ್ಲಿ ಎರಡೂ ಕಿವಿಗೆ ಬೀಳುತ್ತವೆ. ಮನೆಮಾತು ಯಾವುದೇ ಇರಲಿ, ಈ ಕರಾವಳಿಯಲ್ಲಿ ‘ಆಟ’ ಎಂದರೆ ಯಕ್ಷಗಾನ. ರಾತ್ರಿ ಆಟ ನೋಡಿದವರು ಮರುದಿನ ಚಹಾದಂಗಡಿಯಲ್ಲಿ ಸೇರಿದರೆ ಮಾತು ಬೇಗ ಪಾತ್ರಕ್ಕೆ ತಿರುಗುತ್ತದೆ. ‘ಕೌರವ ಅಷ್ಟು ಅಳಬಾರದಿತ್ತು ಮಾರಾಯಾ.’ ‘ಶಲ್ಯ ರಥ ಬಿಟ್ಟು ಹೋಗುವಾಗ ಕರ್ಣ ಇನ್ನೊಂದು ಮಾತು ಆಡಬೇಕಿತ್ತು.’ ‘ಭಾಗವತರು ಆ ಪದ್ಯ ಬಿಟ್ಟಿದ್ದು ಸರಿಯಲ್ಲ.’

ಇವರೆಲ್ಲ ಕತೆ ಬಲ್ಲವರು. ಕೌರವನ ತೊಡೆ ಮುರಿಯುತ್ತದೆ, ಕರ್ಣ ಸಾಯುತ್ತಾನೆ, ವಾಲಿಗೆ ಬಾಣ ನಾಟುತ್ತದೆ ಎಂಬುದು ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲೇ ಎಲ್ಲರಿಗೂ ಗೊತ್ತು. ಹಾಗಾಗಿ ಮುಂದೇನಾಯಿತು ಎಂದು ಯಾರೂ ಕೇಳುವುದಿಲ್ಲ. ಈ ಪಾತ್ರ ಹೀಗೇಕೆ ನಡೆದುಕೊಂಡಿತು, ಹಾಗೆ ನಡೆದುಕೊಳ್ಳುವುದು ಅದಕ್ಕೆ ಒಪ್ಪುತ್ತದೆಯೇ ಎಂದು ಕೇಳುತ್ತಾರೆ. ಕನ್ನಡದಲ್ಲಿ ಪಾತ್ರವಿಮರ್ಶೆಯ ಅತಿ ದೊಡ್ಡ, ಅತಿ ಹಳೆಯ ಶಾಲೆ ಇದೇ ಎಂದು ನಾನು ನಂಬಿದ್ದೇನೆ. ಅದು ಬೆಳೆದ ಬಗೆಯನ್ನು ವಿಶ್ವವಿದ್ಯಾಲಯಗಳ ವಿಮರ್ಶೆಯ ಚರಿತ್ರೆಯಷ್ಟೇ ಗಂಭೀರವಾಗಿ ಬರೆಯಬೇಕು.

ಬೇರು ಕಾವ್ಯದಲ್ಲಿದೆ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ಅರ್ಜುನನನ್ನು ನಾಯಕನಾಗಿಸಿದರೂ ಮನಸ್ಸನ್ನು ಕರ್ಣನಿಗೂ ಕೊಟ್ಟ. ರನ್ನ ಭೀಮನ ಗೆಲುವಿನ ಕಾವ್ಯ ಬರೆಯಲು ಹೊರಟು ದುರ್ಯೋಧನನನ್ನು ಮರೆಯಲಾಗದ ದುರಂತಪಾತ್ರವನ್ನಾಗಿ ಮಾಡಿದ. ನಾಗಚಂದ್ರನ ರಾವಣ ಸಜ್ಜನ. ಒಂದೇ ಒಂದು ಆಸೆಗೆ ಸೋತವನು. ಪಾತ್ರವನ್ನು ಮುಟ್ಟಿ ತಿದ್ದಲು ಕನ್ನಡ ಕವಿ ಸಾವಿರ ವರ್ಷಗಳ ಹಿಂದೆಯೇ ಅಂಜಿರಲಿಲ್ಲ. ಮುಂದೆ ಕುಮಾರವ್ಯಾಸನ ಭಾರತ, ತೊರವೆ ರಾಮಾಯಣಗಳನ್ನು ಆಧರಿಸಿ ಪ್ರಸಂಗಕವಿಗಳು ಬರೆದಾಗ ಈ ಧೈರ್ಯ ರಂಗಕ್ಕೆ ಇಳಿಯಿತು.

ಇಳಿದ ರೀತಿ ಮಾತ್ರ ವಿಶೇಷ. ಪ್ರಸಂಗದಲ್ಲಿ ಇರುವುದು ಹಾಡುವ ಪದ್ಯಗಳು. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನೇ ನೋಡಿ: ಘಟನೆ ಇದೆ, ರಾಗ-ತಾಳ ಇದೆ, ಭಾವದ ದಿಕ್ಕು ಇದೆ. ಮಾತು ಇಲ್ಲ. ಹಾಡುಗಾರರಾದ ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ ವೇಷಧಾರಿ ತನ್ನ ಸ್ವಂತ ಮಾತಿನಲ್ಲಿ ಅರ್ಥ ಹೇಳಬೇಕು. ಘಟನೆ ಕವಿಯದು, ಕಾರಣ ಕಲಾವಿದನದು. ಪಾತ್ರ ಏನು ಮಾಡಿತು ಎಂಬುದನ್ನು ಬದಲಿಸುವಂತಿಲ್ಲ. ಯಾವ ಮನಸ್ಸಿನಿಂದ ಮಾಡಿತು ಎಂಬುದು ಪ್ರತಿ ರಾತ್ರಿ ಹೊಸದು. ಮರುದಿನದ ಎಲ್ಲ ವಾದಗಳೂ ಹುಟ್ಟುವುದು ಈ ಬಿಟ್ಟ ಜಾಗದಲ್ಲಿ.



ಪಾತ್ರದ ವಾದಕ್ಕೆ ನಿಜವಾದ ಅಖಾಡ ಒದಗಿಸಿದ್ದು ತಾಳಮದ್ದಲೆ. ಮಳೆಗಾಲದಲ್ಲಿ ಬಯಲಾಟ ನಿಂತಾಗ ವೇಷ, ಕುಣಿತ ಎಲ್ಲ ಬದಿಗಿಟ್ಟು, ಹಿಮ್ಮೇಳದ ಎದುರು ಅರ್ಥಧಾರಿಗಳು ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ಕೂಟ ಇದು. ಇಪ್ಪತ್ತನೇ ಶತಮಾನದ ನಡುಭಾಗದಿಂದ ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ಶಂಕರನಾರಾಯಣ ಸಾಮಗ, ದೇರಾಜೆ ಸೀತಾರಾಮಯ್ಯ ಮುಂತಾದವರು ಇದನ್ನು ವಿದ್ವತ್ತಿನ ಕಣವಾಗಿಸಿದರು. ಶೇಣಿಯವರ ವಾಲಿ, ರಾವಣ ಕೇಳಿದವರು ಇಂದಿಗೂ ಆ ಪಾತ್ರಗಳನ್ನು ಅವರ ದನಿಯಲ್ಲೇ ನೆನೆಯುತ್ತಾರೆ.

ವಾಲಿಯ ಪ್ರಕರಣದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಪರಂಪರೆಯ ಶಕ್ತಿಯೆಲ್ಲ ಅಲ್ಲಿದೆ. ಮರದ ಮರೆಯಲ್ಲಿ ನಿಂತ ರಾಮ ಬಾಣ ಬಿಟ್ಟಿದ್ದಾನೆ. ನೆಲಕ್ಕೆ ಬಿದ್ದ ವಾಲಿ ಕೇಳುತ್ತಾನೆ: ನನಗೂ ನಿನಗೂ ಏನು ಹಗೆ? ಎದುರು ಬಂದು ಏಕೆ ಹೋರಾಡಲಿಲ್ಲ? ಹೆಂಡತಿಯನ್ನು ಹುಡುಕಲು ನೆರವು ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ, ಆ ರಾವಣನನ್ನು ಬಲ್ಲವನು ನಾನು. ರಾಮನ ಬಳಿ ಉತ್ತರಗಳಿವೆ: ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಈ ನೆಲ ಭರತನ ಆಳ್ವಿಕೆಯದು, ಎದುರು ನಿಂತವರ ಅರ್ಧ ಬಲ ನಿನಗೆ ಸೇರುವ ವರವಿದೆ. ಒಂದೊಂದು ಉತ್ತರಕ್ಕೂ ಸಮರ್ಥ ವಾಲಿಯಲ್ಲಿ ಮರುಪ್ರಶ್ನೆ ಇದೆ. ಕೊನೆಗೆ ವಾಲಿ ಅಂಗದನನ್ನು ಒಪ್ಪಿಸಿ ಕಣ್ಮುಚ್ಚಲೇಬೇಕು, ಪದ್ಯ ಹಾಗಿದೆ. ಆದರೆ ವಾದದಲ್ಲಿ ಸೋತು ಒಪ್ಪಿಸಿದನೋ, ಭಕ್ತಿಯಿಂದ ಒಪ್ಪಿಸಿದನೋ, ಮಗನ ಭವಿಷ್ಯಕ್ಕಾಗಿ ಬೇರೆ ದಾರಿಯಿಲ್ಲದೆ ಒಪ್ಪಿಸಿದನೋ? ಮೂರೂ ಬಗೆಯ ವಾಲಿಗಳು ಸಾಧ್ಯ, ಮೂವರ ಪಕ್ಷ ಹಿಡಿಯುವವರೂ ಇದ್ದಾರೆ. ರಾಮನನ್ನು ದೇವರೆಂದು ಪೂಜಿಸುವ ಜನ, ಅವನನ್ನು ಕಟಕಟೆಯಲ್ಲಿ ನಿಲ್ಲಿಸುವ ಅರ್ಥಧಾರಿಗೆ ಚಪ್ಪಾಳೆ ತಟ್ಟಿದರು. ಇದು ಸಣ್ಣ ಮಾತಲ್ಲ.

ಇದೇ ಪ್ರಶ್ನೆ ಜಗತ್ತಿನ ಇನ್ನೊಂದು ತುದಿಯಲ್ಲೂ ಎದ್ದಿದೆ. 1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಹಾನ್ ಸೋಲೊ ಎಂಬ ಸಾಹಸಿ ತನ್ನನ್ನು ಹಿಡಿಯಲು ಬಂದ ಗ್ರೀಡೊ ಎಂಬಾತನನ್ನು ಮೇಜಿನಡಿಯಿಂದ ಗುಂಡಿಕ್ಕಿ ಕೊಲ್ಲುತ್ತಾನೆ. 1997ರ ಪರಿಷ್ಕೃತ ಆವೃತ್ತಿಯಲ್ಲಿ ಮೊದಲು ಗುಂಡು ಹಾರಿಸುವವನು ಗ್ರೀಡೊ. ನಾಯಕ ಮರೆಯಿಂದ ಹೊಡೆಯಬಹುದೇ ಎಂಬ ಈ ಚರ್ಚೆ ಅಭಿಮಾನಿಗಳಲ್ಲಿ ಇಂದಿಗೂ ಆರಿಲ್ಲ. 2017ರ ‘ದಿ ಲಾಸ್ಟ್ ಜೆಡೈ’ನಲ್ಲಿ ಲ್ಯೂಕ್ ಸ್ಕೈವಾಕರ್ ಎಲ್ಲವನ್ನೂ ತೊರೆದು ದ್ವೀಪವೊಂದರಲ್ಲಿ ಕುಳಿತಾಗ, ನಮ್ಮ ಲ್ಯೂಕ್ ಹೀಗೆ ಮಾಡುವವನಲ್ಲ ಎಂದು ಅಭಿಮಾನಿಗಳು ಎರಡಾದರು. ತೋಡೂರಿನ ಪ್ರೇಕ್ಷಕನಿಗೆ ಈ ನೋವು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಒಂದು ವ್ಯತ್ಯಾಸ ದೊಡ್ಡದು. ಆ ಕತೆಗೆ ಒಡೆಯರಿದ್ದಾರೆ. 2012ರಲ್ಲಿ ಡಿಸ್ನಿ ಅದನ್ನು ಕೊಂಡಿತು. 2014ರಲ್ಲಿ, ಅದುವರೆಗೆ ಬಂದಿದ್ದ ಕಾದಂಬರಿಗಳ ಕತೆ ಇನ್ನು ಅಧಿಕೃತವಲ್ಲ ಎಂಬ ಘೋಷಣೆಯೂ ಬಂತು. ವಾಲಿಗೆ ಒಡೆಯರಿಲ್ಲ. ಇಂದಿನ ವಾಲಿ ಒಪ್ಪಿಗೆಯಾಗದಿದ್ದರೆ ಮುಂದಿನ ಕೂಟದಲ್ಲಿ ಇನ್ನೊಬ್ಬರ ವಾಲಿ ಅದಕ್ಕೆ ಉತ್ತರ ಕೊಡುತ್ತಾನೆ. ಇಲ್ಲಿ ಪ್ರೇಕ್ಷಕನ ಅಸಮಾಧಾನಕ್ಕೆ ರಂಗದಲ್ಲೇ ಪರಿಹಾರವಿದೆ.

ಮಾತಿನಿಂದ ಮೈಗೆ ಬಂದರೆ ಚರ್ಚೆ ಹೊನ್ನಾವರದತ್ತ ಹೋಗುತ್ತದೆ. ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ದೆಹಲಿಯಲ್ಲಿ ಮಾಯಾರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದ ಮಗ ಶಂಭು ಹೆಗಡೆ ಪಾತ್ರದ ಅಳತೆ, ರಂಗದ ಶಿಸ್ತು, ಮುಖದ ಸೂಕ್ಷ್ಮಗಳಿಗೆ ಒತ್ತು ಕೊಟ್ಟರು. ಅದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆ ಕೀಚಕ, ಭಸ್ಮಾಸುರ, ದುಷ್ಟಬುದ್ಧಿಗಳನ್ನು ಕುಣಿತದ ಕೆಚ್ಚಿನಿಂದ ಬೇರೆಯೇ ಎತ್ತರಕ್ಕೆ ಒಯ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಉತ್ತರ ಕನ್ನಡದ ಪ್ರೇಕ್ಷಕರು ದಶಕಗಳ ಕಾಲ ಈ ಎರಡು ದಾರಿಗಳ ನಡುವೆ ವಾದಿಸಿದ್ದಾರೆ. ಕೀಚಕನ ಶೃಂಗಾರ ಅತಿಯಾಯಿತು ಎಂದು ಒಂದು ಪಕ್ಷ. ಕಾಮದಿಂದ ಕುರುಡಾದವನು ಅಳತೆ ಹಿಡಿದು ಕುಣಿದರೆ ಅವನೆಂಥ ಕೀಚಕ ಎಂದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯ ಮಾತು ಕೀಚಕನಿಗೆ ಸರಿ, ಕರ್ಣನಿಗೆ ಸರಿಯಲ್ಲ. ಕರ್ಣನಲ್ಲಿ ತಡೆದು ಹಿಡಿದದ್ದೇ ಹೆಚ್ಚು ಮಾತಾಡಬೇಕು. ಈ ವಾದದಿಂದ ಪ್ರೇಕ್ಷಕರು ಕಲಿತದ್ದೂ ಇದನ್ನೇ: ಶೈಲಿಯನ್ನು ಪಾತ್ರದಿಂದ ಬಿಡಿಸಿ ಅಳೆಯಲಾಗದು.

ಶಿವರಾಮ ಕಾರಂತರು ಇನ್ನೊಂದು ತುದಿಯಿಂದ ಬಂದರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು, ಮುಂದೆ ತಮ್ಮ ಪ್ರಯೋಗಗಳಲ್ಲಿ ಮಾತನ್ನೇ ತೆಗೆದು ಹಾಡು, ಕುಣಿತ, ಬಣ್ಣಗಳಲ್ಲಿ ಕತೆ ನಡೆಸಿದರು. ಯಕ್ಷಗಾನ ಕನ್ನಡ ತಿಳಿಯದವರನ್ನೂ ತಲುಪಿತು. ಆ ಕೆಲಸದ ಮೇಲೆ ನನಗೆ ಗೌರವವಿದೆ. ಆದರೂ ಮಾತಿಲ್ಲದ ವಾಲಿ ಬೀಳಬಲ್ಲ, ಪ್ರಶ್ನೆ ಕೇಳಲಾರ.

ಟೆಂಟ್ ಮೇಳಗಳು ಬಂದ ಮೇಲೆ ಚರ್ಚೆ ಕತೆಯ ಬುಡಕ್ಕೇ ಹೋಯಿತು. ಟಿಕೆಟ್ ಕೊಟ್ಟು ಬರುವ ಜನ ಪ್ರತಿ ತಿರುಗಾಟದಲ್ಲೂ ಹೊಸದನ್ನು ಬಯಸಿದರು. ಸಾಲಿಗ್ರಾಮ, ಪೆರ್ಡೂರು ಮೇಳಗಳಲ್ಲಿ ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ಯಂಥ ಕಲ್ಪಿತ ಕತೆಗಳು ಗೆದ್ದವು. 1990ರಲ್ಲಿ ಚಿಕ್ಕ ವಯಸ್ಸಿಗೇ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಕಂಠಕ್ಕೆ ಹೊಸ ತಲೆಮಾರೇ ಟೆಂಟಿನೊಳಗೆ ಬಂತು. ಮೊದಲ ಬಾರಿಗೆ ಪ್ರೇಕ್ಷಕನಿಗೆ ಕೊನೆ ಗೊತ್ತಿರಲಿಲ್ಲ. ಮುಂದೇನು ಎಂಬ ಕುತೂಹಲ ಆಟದೊಳಗೆ ಬಂತು. ಇದನ್ನು ಪರಂಪರೆಯ ನಾಶ ಎಂದವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಪುರಾಣವೂ ಒಮ್ಮೆ ಯಾರೋ ಕಟ್ಟಿದ ಕತೆಯೇ. ಆದರೆ ಒಂದು ನಷ್ಟ ಆಯಿತು. ಆ ಕತೆಗಳ ನಾಯಕ, ಖಳರು ಬಂದ ಕೂಡಲೇ ಗುರುತಾಗುವವರು. ಖಳನಿಗೂ ನ್ಯಾಯವಿದೆ ಎಂದು ವಾದಿಸಲು ಅಲ್ಲಿ ಅವಕಾಶ ಕಡಿಮೆಯಿತ್ತು. ಗದಾಯುದ್ಧದ ಕೌರವನ ಬಗ್ಗೆ ನಡೆದಷ್ಟು ಮಾತು ಆ ಖಳರ ಬಗ್ಗೆ ನಡೆಯಲಿಲ್ಲ.

ಹೆಣ್ಣುಪಾತ್ರಗಳ ಚರ್ಚೆ ತಡವಾಗಿ ತೀವ್ರವಾಯಿತು. ‘ಭೀಷ್ಮ ವಿಜಯ’ದ ಅಂಬೆಯ ಎದುರು ಭೀಷ್ಮನ ಪ್ರತಿಜ್ಞೆ ನಿಲ್ಲುತ್ತದೆಯೇ ಎಂದು ಇಂದು ಕೇಳುವಷ್ಟು ಗಟ್ಟಿಯಾಗಿ ಹಿಂದಿನವರು ಕೇಳಿರಲಾರರು. ಇದಕ್ಕೆ ಸಾಹಿತ್ಯದ ಗಾಳಿಯೂ ಕಾರಣ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ದಲ್ಲಿ ಸೀತೆಯೊಡನೆ ರಾಮನನ್ನೂ ಬೆಂಕಿಗೆ ಇಳಿಸಿದರು, ಭೈರಪ್ಪನವರ ‘ಪರ್ವ’ 1979ರಲ್ಲಿ ಮಹಾಭಾರತದವರನ್ನು ವರ, ಶಾಪಗಳಿಲ್ಲದ ಮನುಷ್ಯರನ್ನಾಗಿ ತೋರಿಸಿತು. ಇವನ್ನು ಓದಿದವರೇ ಅರ್ಥಧಾರಿಗಳಾದರು, ಪ್ರೇಕ್ಷಕರೂ ಆದರು. ಶತಾವಧಾನಿ ಆರ್. ಗಣೇಶರ ಕಲ್ಪನೆಯಲ್ಲಿ ಮಂಟಪ ಪ್ರಭಾಕರ ಉಪಾಧ್ಯರು ಮಾಡಿದ ಏಕವ್ಯಕ್ತಿ ಯಕ್ಷಗಾನ ಹೆಣ್ಣಿನ ಮನಸ್ಸನ್ನೇ ಇಡೀ ಪ್ರದರ್ಶನದ ವಸ್ತುವಾಗಿಸಿತು.

ಈಗ ಬಂದಿರುವುದು ಕಾಲಮಿತಿಯ ಆಟ. ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದೆಂಬ 2000ದ ಶಬ್ದಮಾಲಿನ್ಯ ನಿಯಮ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಜನ, ಏರಿದ ಖರ್ಚು ಎಲ್ಲವೂ ಸೇರಿ ರಾತ್ರಿಯಿಡೀ ನಡೆಯುತ್ತಿದ್ದುದು ಮೂರು ನಾಲ್ಕು ಗಂಟೆಗೆ ಇಳಿದಿದೆ. ಇದನ್ನು ನಾನು ದೂರುವುದಿಲ್ಲ. ಆದರೆ ಆ ಗಂಟೆಗಳಲ್ಲಿ ಮೊದಲು ಕತ್ತರಿ ಬೀಳುವುದು ಎಲ್ಲಿ ಎಂಬುದು ನನ್ನನ್ನು ಕಾಡುತ್ತದೆ. ಪಾತ್ರ ಪ್ರವೇಶಿಸುವ ಒಡ್ಡೋಲಗದ ಕುಣಿತ ಉಳಿಯುತ್ತದೆ, ಯುದ್ಧ ಉಳಿಯುತ್ತದೆ. ಹೋಗುವುದು ಪೀಠಿಕೆ: ಪಾತ್ರ ತಾನು ಯಾರು, ಯಾವ ಸ್ಥಿತಿಯಲ್ಲಿ ಇಲ್ಲಿಗೆ ಬಂದೆ ಎಂದು ತನ್ನನ್ನೇ ತೂಗಿ ನೋಡುವ ಆ ಆರಂಭದ ಮಾತು. ಮೊಬೈಲಿನಲ್ಲಿ ಓಡಾಡುವ ತುಣುಕುಗಳಲ್ಲೂ ಗಿರಕಿ ಇದೆ, ಏರುಪದ್ಯ ಇದೆ. ಆ ಪದ್ಯ ಯಾವ ಮಾತಿಗೆ ಉತ್ತರವಾಗಿ ಬಂತು ಎಂಬುದು ಇರುವುದಿಲ್ಲ. ಹೀಗೆ ನೋಡಿ ಬೆಳೆದ ಹುಡುಗ ಯಾರು ಚೆನ್ನಾಗಿ ಕುಣಿದರು ಎಂದು ಹೇಳಬಲ್ಲ. ಕೌರವ ಅಳಬಾರದಿತ್ತು ಎಂದು ಹೇಳಬೇಕಾದರೆ, ಸಂಜಯನ ಜೊತೆ ರಣಭೂಮಿಯಲ್ಲಿ ದ್ರೋಣ, ಕರ್ಣ, ದುಶ್ಶಾಸನ, ಮಗ ಲಕ್ಷಣಕುಮಾರ ಇವರ ಶವಗಳನ್ನು ಅವನು ಒಂದೊಂದಾಗಿ ದಾಟಿದ್ದನ್ನು ನೋಡಿರಬೇಕು.

ಪರಿಹಾರ ಕಷ್ಟದ್ದಲ್ಲ. ಹೊನ್ನಾವರದ ಗುಂಡಬಾಳದಂಥ ಕಡೆ ಹರಕೆಯ ಆಟಗಳು ಇನ್ನೂ ನಡೆಯುತ್ತವೆ. ಮಳೆಗಾಲದಲ್ಲಿ ಜಿಲ್ಲೆಯ ಊರೂರಲ್ಲಿ ತಾಳಮದ್ದಲೆ ಕೂರುತ್ತದೆ. ಉಳಿದ ಕಡೆ ಆಟ ಆಡಿಸುವವರು ಒಂದು ರಾತ್ರಿಗೆ ಎರಡು ಮೂರು ಪ್ರಸಂಗ ತುರುಕುವುದನ್ನು ಬಿಟ್ಟು, ಇರುವ ಮೂರು ಗಂಟೆಯನ್ನು ಒಂದೇ ಪ್ರಸಂಗದ ಒಂದೇ ಭಾಗಕ್ಕೆ ಕೊಡಲಿ. ವೈಶಂಪಾಯನ ಸರೋವರದ ದಂಡೆಯವರೆಗಿನ ಕೌರವ ಸಾಕು, ಅಥವಾ ಬಾಣ ನಾಟಿದ ಮೇಲಿನ ವಾಲಿ ಸಾಕು. ಪೀಠಿಕೆ ಕಡಿಯಬೇಡಿ, ಎದುರು ಪಾತ್ರದವರ ಉತ್ತರವನ್ನೂ ಕಡಿಯಬೇಡಿ. ಭಾಗವತರು ಬಿಟ್ಟ ಪದ್ಯ ಯಾವುದೆಂದು ಹೇಳಬಲ್ಲ ಪ್ರೇಕ್ಷಕರು ಅಂಕೋಲೆ, ಕಾರವಾರದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರು ಮುಂದಿನ ಸಾಲಿನಲ್ಲಿ ಕುಳಿತಿರುವಾಗಲೇ ಈ ಕೆಲಸ ಆಗಬೇಕು.