ರಕ್ತ ನಿಂತ ಮೇಲೂ ಪರೀಕ್ಷೆ ಏಕೆ?

ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ಊರಿನಲ್ಲಿ ಡೇವಿಡ್ ಗ್ರೀಗರ್ ಎಂಬ ವೈದ್ಯರಿದ್ದರು. 1960ರ ದಶಕದಲ್ಲಿ ಅವರ ಬಳಿ ತಪಾಸಣೆಗೆಂದು ಬಂದವರು ಬರಿಗೈಲಿ ಮನೆಗೆ ಹೋಗುತ್ತಿರಲಿಲ್ಲ. ಗ್ವಾಯಕ್ ಮರದ ಅಂಟು ಹೀರಿದ ಕಾಗದವಿರುವ ರಟ್ಟಿನ ಚೀಟಿಗಳನ್ನು ವೈದ್ಯರು ಕೈಗಿಡುತ್ತಿದ್ದರು. ಮೂರು ದಿನ ಮಾಂಸ ಬಿಟ್ಟು ನಾರಿನಂಶದ ಆಹಾರ ತಿನ್ನಬೇಕು. ದಿನವೂ ಮಲದ ಎರಡು ಕಡೆಯಿಂದ ಕಡ್ಡಿಯಲ್ಲಿ ಚೂರು ತೆಗೆದು ಕಾಗದಕ್ಕೆ ಸವರಬೇಕು. ಒಟ್ಟು ಆರು ಗುರುತು. ಚೀಟಿಗಳು ವಾಪಸು ಬಂದ ಮೇಲೆ ಅವುಗಳ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದ ಹನಿ ಬೀಳುತ್ತಿತ್ತು. ರಕ್ತವಿದ್ದರೆ ಕಾಗದ ನೀಲಿಗೆ ತಿರುಗುತ್ತಿತ್ತು.

ಒಂದು ದಿನಕ್ಕೆ ಮುಗಿಯುವ ಕೆಲಸಕ್ಕೆ ಮೂರು ದಿನ ಏಕೆ? ಕರುಳಿನ ಗೆಡ್ಡೆ ದಿನಾ ರಕ್ತ ಸುರಿಸುವುದಿಲ್ಲ. ಇವತ್ತು ಒಸರುತ್ತದೆ, ನಾಳೆ ಸುಮ್ಮನಿರುತ್ತದೆ, ವಾರ ಬಿಟ್ಟು ಮತ್ತೆ ಒಸರುತ್ತದೆ. ಬಿಟ್ಟು ಬಿಟ್ಟು ಬರುವ ಈ ರಕ್ತವನ್ನು ಹಿಡಿಯಲೆಂದೇ ಪರೀಕ್ಷೆಯನ್ನು ಹಾಗೆ ಹೆಣೆದಿದ್ದರು. 1967ರಲ್ಲಿ ಗ್ರೀಗರ್ ತಮ್ಮ ವಿಧಾನವನ್ನು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅವರು ಬರೆದದ್ದು ಯಾವ ತೊಂದರೆಯೂ ಇಲ್ಲದವರಲ್ಲಿ ಕರುಳಿನ ಕ್ಯಾನ್ಸರ್ ಪತ್ತೆ ಮಾಡುವ ಬಗ್ಗೆ.

ರಾಸಾಯನಿಕ ಹೊಸದೇನಲ್ಲ. ವೆಸ್ಟ್ ಇಂಡೀಸ್ ಕಡೆಯ ಗ್ವಾಯಕ್ ಮರವನ್ನು 16ನೇ ಶತಮಾನದ ಯೂರೋಪು ಸಿಫಿಲಿಸ್‌ಗೆ ಮದ್ದೆಂದು ಕೊಳ್ಳುತ್ತಿತ್ತು. ಆ ರೋಗ ಅದರಿಂದ ವಾಸಿಯಾಗಲಿಲ್ಲ. ಆದರೆ ಅದೇ ಮರದ ಅಂಟು ರಕ್ತವನ್ನು ಪತ್ತೆಹಚ್ಚುತ್ತದೆ ಎಂದು 1864ರಲ್ಲಿ ಹಾಲೆಂಡಿನ ಇಸಾಕ್ ವಾನ್ ಡೀನ್ ತೋರಿಸಿಕೊಟ್ಟರು.

ದೇಹದೊಳಗನ್ನು ಕಣ್ಣಾರೆ ನೋಡುವ ಯತ್ನ ಇದಕ್ಕಿಂತ ಎಷ್ಟೋ ಹಳೆಯದು. ಆಯುರ್ವೇದದ ಗ್ರಂಥಗಳಲ್ಲಿ ಹಸುವಿನ ಮೊಲೆಯಾಕಾರದ ಅರ್ಶೋಯಂತ್ರದ ವರ್ಣನೆಯಿದೆ. ಮೂಲವ್ಯಾಧಿಯ ಮೊಳಕೆ ನೋಡಲು, ಮದ್ದು ಹಚ್ಚಲು ಅದರ ಪಕ್ಕದಲ್ಲಿ ಕಿಂಡಿ. 1806ರ ಹೊತ್ತಿಗೆ ಫ್ರಾಂಕ್‌ಫರ್ಟಿನ ಫಿಲಿಪ್ ಬೊಜಿನಿ ಮೇಣದ ಬತ್ತಿ, ಕನ್ನಡಿ, ಕೊಳವೆ ಜೋಡಿಸಿ ದೇಹದೊಳಗೆ ಬೆಳಕು ಹಾಯಿಸಿದ. ವಿಯೆನ್ನಾದ ಪಂಡಿತರು ಅದನ್ನು ಮುಂದುವರಿಯಲು ಬಿಡಲಿಲ್ಲ.

1835ರಲ್ಲಿ ಲಂಡನ್ನಿನ ಫ್ರೆಡರಿಕ್ ಸಾಲ್ಮನ್ ಗುದದ್ವಾರದ ಕಾಯಿಲೆಗಳಿಗೆಂದೇ ಏಳು ಹಾಸಿಗೆಯ ಪುಟ್ಟ ಆಸ್ಪತ್ರೆ ತೆರೆದರು. ಬಡವರಿಗಾಗಿ ತೆರೆದದ್ದು. ಆದರೆ ಸಾಲ್ಮನ್‌ರ ಕೈಗುಣ ದೊಡ್ಡವರಿಗೂ ಬೇಕಾಗಿತ್ತು. 1841ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಭಗಂದರದ ಶಸ್ತ್ರಚಿಕಿತ್ಸೆ ಮಾಡಿದವರು ಇವರೇ. ಈ ಆಸ್ಪತ್ರೆಯೇ ಮುಂದೆ ಸೇಂಟ್ ಮಾರ್ಕ್ಸ್ ಎಂದು ಹೆಸರಾಯಿತು. ನಮ್ಮ ಕಥೆಯ ಮುಖ್ಯ ತಿರುವು ನಡೆದದ್ದೂ ಅಲ್ಲೇ. 1920ರ ದಶಕದಲ್ಲಿ ಅಲ್ಲಿನ ಸರ್ಜನ್ ಲಾಕ್‌ಹಾರ್ಟ್-ಮಮ್ಮರಿ, ರೋಗಶಾಸ್ತ್ರಜ್ಞ ಕತ್‌ಬರ್ಟ್ ಡ್ಯೂಕ್ಸ್ ಇಬ್ಬರೂ ಕತ್ತರಿಸಿ ತೆಗೆದ ಕರುಳುಗಳನ್ನು ಪರೀಕ್ಷಿಸುತ್ತ, ಕ್ಯಾನ್ಸರ್ ಒಮ್ಮೆಲೇ ಹುಟ್ಟುವುದಲ್ಲ, ಪಾಲಿಪ್ ಎಂಬ ಸಣ್ಣ ಗಂಟಿನಿಂದ ನಿಧಾನವಾಗಿ ಬೆಳೆಯುವಂಥದ್ದು ಎಂದು ವಾದಿಸಿದರು. ಅದೇ ಆಸ್ಪತ್ರೆಯ ಬೇಸಿಲ್ ಮಾರ್ಸನ್ 1970ರ ದಶಕದಲ್ಲಿ ಈ ವಾದವನ್ನು ಗಟ್ಟಿಮಾಡಿದರು. ಗಂಟು ಗೆಡ್ಡೆಯಾಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಆ ಅವಧಿಯುದ್ದಕ್ಕೂ ಅದರ ಮೇಲ್ಮೈ ಉಜ್ಜಿ ಆಗಾಗ ರಕ್ತ ಬರುತ್ತದೆ, ಹೆಪ್ಪುಗಟ್ಟಿ ನಿಲ್ಲುತ್ತದೆ. ನಿಲ್ಲುವುದು ರಕ್ತ, ಬೆಳವಣಿಗೆಯಲ್ಲ.

ಗಂಟು ಇದೆಯೆಂದು ಗೊತ್ತಾದರೂ ತೆಗೆಯುವುದು ಹೇಗೆ? ಗುದನಾಳದಿಂದ ಮೇಲಿದ್ದರೆ ಹೊಟ್ಟೆಯನ್ನೇ ಕೊಯ್ಯಬೇಕಿತ್ತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್ಕಿನ್ಸ್ 1954ರಲ್ಲಿ, ಗಾಜಿನ ಸಣ್ಣ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಬಾಗುವ ಕೊಳವೆ ಬಂದದ್ದು ಅದರ ಬೆನ್ನಿಗೇ. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ, ವಿಲಿಯಂ ವುಲ್ಫ್ ಅದೇ ಕೊಳವೆಯೊಳಗೆ ತಂತಿಯ ಕುಣಿಕೆ ಹಾಯಿಸಿ ಪಾಲಿಪ್ ಕೊಯ್ದರು. ಅಲ್ಲಿಂದಾಚೆ ನೋಡುವುದೂ ತೆಗೆಯುವುದೂ ಒಂದೇ ಸಲಕ್ಕೆ ಮುಗಿಯತೊಡಗಿತು.

ಸಾಧನ ಬಂತು, ಜನ ಬರಬೇಕಲ್ಲ! ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್‌ರ ಪ್ರಕರಣ ನೋಡಿ. 1984ರ ಮೇ ತಿಂಗಳಲ್ಲಿ ಅವರ ಕರುಳಿನಲ್ಲೊಂದು ಸಣ್ಣ ಗಂಟು ಕಂಡಿತು. 1985ರ ಮಾರ್ಚಿನಲ್ಲಿ ಇನ್ನೊಂದು. ಜತೆಗೆ ಮಲಪರೀಕ್ಷೆಯಲ್ಲಿ ರಕ್ತದ ಸುಳಿವು. ಕೊಳವೆ ಹಾಯಿಸಿ ಇಡೀ ಕರುಳು ನೋಡುವ ಕೊಲೊನೋಸ್ಕೋಪಿ ಮಾತ್ರ ಜುಲೈವರೆಗೆ ಮುಂದೆ ಹೋಯಿತು. ಜುಲೈ 12ರಂದು ಕೊಳವೆ ಕೊನೆಯ ತನಕ ಹೋದಾಗ ದೊಡ್ಡ ಕರುಳಿನ ಬುಡದಲ್ಲಿ ಸುಮಾರು ಐದು ಸೆಂಟಿಮೀಟರಿನ ಗೆಡ್ಡೆ! ಮರುದಿನವೇ ಸುಮಾರು ಎರಡು ಅಡಿ ಕರುಳು ಕತ್ತರಿಸಿದರು. ಅದು ಕ್ಯಾನ್ಸರ್ ಎಂಬುದು ಆಮೇಲೆ ಖಚಿತವಾಯಿತು; ಪುಣ್ಯಕ್ಕೆ ಬೇರೆಡೆ ಹರಡಿರಲಿಲ್ಲ. ಜಗತ್ತಿನಲ್ಲೇ ಅತ್ಯುತ್ತಮ ವೈದ್ಯರು ಕೈಗೆಟುಕುವಂತಿದ್ದವರ ಕಥೆಯೇ ಹೀಗೆ.

ಮಲದ ಚೀಟಿ ನಿಜಕ್ಕೂ ಜೀವ ಉಳಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಮಿನ್ನೆಸೋಟಾದಿಂದ. ಅಲ್ಲಿ 1975ರಿಂದ 46,000ಕ್ಕೂ ಹೆಚ್ಚು ಜನರ ಮೇಲೆ ಅಧ್ಯಯನ ನಡೆಯಿತು. ಆರರಲ್ಲಿ ಒಂದೇ ಗುರುತು ನೀಲಿಯಾದರೂ ಕೊಲೊನೋಸ್ಕೋಪಿಗೆ ಕರೆಯುತ್ತಿದ್ದರು. ಉಳಿದ ಐದು ಸರಿಯಿವೆಯಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿರಲಿಲ್ಲ. 1993ರಲ್ಲಿ ಬಂದ ಫಲಿತಾಂಶದ ಪ್ರಕಾರ, ಪ್ರತಿವರ್ಷ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಕರುಳಿನ ಕ್ಯಾನ್ಸರ್‌ನ ಸಾವು ಶೇ. 33ರಷ್ಟು ಕಡಿಮೆ. ಇಂಗ್ಲೆಂಡ್ 2006ರಲ್ಲಿ ಇದನ್ನು ಸರ್ಕಾರಿ ಕಾರ್ಯಕ್ರಮ ಮಾಡಿತು. 2019ರಲ್ಲಿ ಗ್ವಾಯಕ್ ಚೀಟಿಯ ಬದಲು ಮನುಷ್ಯರ ರಕ್ತವನ್ನಷ್ಟೇ ಗುರುತಿಸುವ ‘ಫಿಟ್’ ಪರೀಕ್ಷೆ ತಂದಿತು. ಮಾಂಸ ಬಿಡುವ ಪಥ್ಯವೂ ತಪ್ಪಿತು.

ಭಾರತದಲ್ಲಿ ಸರ್ಕಾರದ ಸಾಮೂಹಿಕ ತಪಾಸಣೆ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗೆ. ಕರುಳಿಗಿಲ್ಲ. ಹೀಗಾಗಿ ಇಲ್ಲಿ ಕರುಳಿನ ಪರೀಕ್ಷೆಯ ಮಾತು ಬರುವುದೇ ರಕ್ತ ಕಂಡ ಮೇಲೆ. ಕಂಡರೂ ಮನೆಯಲ್ಲಿ ಮೊದಲು ಬರುವ ತೀರ್ಪು ‘ಉಷ್ಣ ಆಗಿದೆ’. ಎಳನೀರು, ಮಜ್ಜಿಗೆ, ರಾತ್ರಿ ನೆನೆಸಿಟ್ಟ ಮೆಂತ್ಯ. ಅದಾದ ಮೇಲೆ ಬಸ್ ನಿಲ್ದಾಣದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’. ನಾಲ್ಕು ದಿನದಲ್ಲಿ ರಕ್ತ ನಿಲ್ಲುತ್ತದೆ, ಹೆಸರು ಮಜ್ಜಿಗೆಗೋ ಗೋಡೆಬರಹದ ವೈದ್ಯರಿಗೋ ಹೋಗುತ್ತದೆ. ಬಹುಪಾಲು ಸಲ ಅದು ನಿಜವಾಗಿಯೂ ಮೂಲವ್ಯಾಧಿಯೇ ಆಗಿರುತ್ತದೆ. ತೊಡಕು ಇರುವುದೂ ಅಲ್ಲೇ. ಮೂಲವ್ಯಾಧಿ ಇದ್ದವರಿಗೆ ಗೆಡ್ಡೆ ಇರಬಾರದು ಎಂದೇನಿಲ್ಲ, ಎರಡರ ರಕ್ತವೂ ಬಂದು ನಿಲ್ಲುವಂಥದ್ದೇ.

ಪರೀಕ್ಷೆ ತಪ್ಪಿಸಲು ಹೇಳುವ ಕಾರಣಗಳೂ ಸುಳ್ಳಲ್ಲ. ಹಿಂದಿನ ರಾತ್ರಿ ಲೀಟರುಗಟ್ಟಲೆ ಭೇದಿಯ ದ್ರಾವಣ ಕುಡಿದು ಶೌಚಾಲಯಕ್ಕೆ ಎಡತಾಕುವುದು ಪರೀಕ್ಷೆಗಿಂತ ಕಷ್ಟ ಎನ್ನುವವರೇ ಹೆಚ್ಚು. ನಾಚಿಕೆಯಿದೆ, ಖರ್ಚಿದೆ, ಕರುಳು ತೂತಾಗುವ ಅಪಾಯವೂ ಅಪರೂಪಕ್ಕೆ ಇದೆ. ಎಲ್ಲರಿಗೂ ಕೊಳವೆ ಬೇಕಿಲ್ಲ ಎಂಬುದನ್ನು ವೈದ್ಯರೂ ಒಪ್ಪುತ್ತಾರೆ. ಬ್ರಿಟನ್ನಿನಲ್ಲಿ 2023ರಿಂದ, ತೊಂದರೆ ಹೇಳಿಕೊಂಡು ಬಂದವರಿಗೂ ಮೊದಲು ಫಿಟ್ ಪರೀಕ್ಷೆ ಮಾಡಿ ಯಾರನ್ನು ತುರ್ತಾಗಿ ಮುಂದಕ್ಕೆ ಕಳಿಸಬೇಕೆಂದು ತೀರ್ಮಾನಿಸುವ ಸಲಹೆಯಿದೆ. ಆದರೆ ಆ ತೀರ್ಮಾನ ವೈದ್ಯರೊಂದಿಗೆ ಮಾತಾಡಿ ಆಗಬೇಕಾದದ್ದು.

ಆದ್ದರಿಂದ ಕರುಳಿನ ಪರೀಕ್ಷೆಗೆ ದಿನ ಗೊತ್ತಾಗಿ, ಅಷ್ಟರಲ್ಲಿ ರಕ್ತ ನಿಂತಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಅದನ್ನೇ ಹೇಳಿ, ಪರೀಕ್ಷೆ ಇನ್ನೂ ಬೇಕೇ ಎಂದು ಕೇಳಿ. ವಯಸ್ಸು ಐವತ್ತರ ಆಸುಪಾಸಿನಲ್ಲಿದ್ದರೆ, ಹಿಮೋಗ್ಲೋಬಿನ್ ಇಳಿದಿದ್ದರೆ, ತೂಕ ತಾನಾಗಿ ಕಮ್ಮಿಯಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಮರೆಯದೆ ಹೇಳಿ. ಉತ್ತರ ಬರುವ ತನಕ ಗೊತ್ತಾದ ದಿನವನ್ನು ರದ್ದು ಮಾಡಬೇಡಿ.