141 ಅಗತ್ಯಗಳ ಊರು

ಬ್ಯಾಂಕಿನ ಲೆಕ್ಕವಿರಲಿ, ಆಸ್ಪತ್ರೆಯ ದಾಖಲೆಯಿರಲಿ, ಅದನ್ನು ಗಣಕಯಂತ್ರಕ್ಕೆ ಒಪ್ಪಿಸುವ ಮೊದಲು ತಜ್ಞರು ಒಂದು ಪಟ್ಟಿ ಮಾಡುತ್ತಾರೆ: ಈ ವ್ಯವಸ್ಥೆಯಿಂದ ಆಗಬೇಕಾದ ಕೆಲಸಗಳಾವುವು? ಬಳಿಕ ಒಂದೊಂದು ಅಗತ್ಯಕ್ಕೂ ತಕ್ಕ ರಚನೆಯನ್ನು ಅರಸುತ್ತಾರೆ. ಮಾಹಿತಿ ವ್ಯವಸ್ಥೆಗಳನ್ನು ಕುರಿತ ಸಂಶೋಧನೆಯಲ್ಲಿ ಈ ಹೊಂದಿಕೆಯೇ ಒಂದು ದೊಡ್ಡ ಪ್ರಶ್ನೆ. ಅದರ ಪೂರ್ವಕಥೆಯ ಮುಖ್ಯವಾದೊಂದು ಅಧ್ಯಾಯದಲ್ಲಿ ನಮ್ಮ ದೇಶದ ಹಳ್ಳಿಯೊಂದು ಕಾಣಿಸಿಕೊಳ್ಳುತ್ತದೆಂಬುದು ಸೋಜಿಗ.

ಕ್ರಿಸ್ಟೋಫರ್ ಅಲೆಕ್ಸಾಂಡರ್ ಗಣಿತವನ್ನೂ ಓದಿದ್ದ ವಾಸ್ತುಶಿಲ್ಪಿ. ಅವರ ‘ನೋಟ್ಸ್ ಆನ್ ದಿ ಸಿಂಥೆಸಿಸ್ ಆಫ್ ಫಾರ್ಮ್’ 1964ರಲ್ಲಿ ಪ್ರಕಟವಾಯಿತು. ಹೊಂದಿಕೆಯನ್ನು ವರ್ಣಿಸುವುದು ಕಷ್ಟ, ಹೊಂದದಿರುವುದು ಮಾತ್ರ ಥಟ್ಟನೆ ತಿಳಿಯುತ್ತದೆ ಎಂಬುದು ಅವರ ವಾದದ ತಿರುಳು. ಕಾಲಿಗೆ ಸರಿಯಾದ ಚಪ್ಪಲಿ ನಮ್ಮ ನೆನಪಿಗೇ ಬರುವುದಿಲ್ಲ. ಕಚ್ಚುವ ಚಪ್ಪಲಿಯನ್ನು ಮರೆಯಲಾಗದು. ಆದುದರಿಂದ ಹೊಂದಿಕೆ ಎಲ್ಲೆಲ್ಲಿ ತಪ್ಪಬಹುದೆಂಬುದನ್ನು ಪಟ್ಟಿಮಾಡಿ, ಯಾವುದಕ್ಕೂ ಯಾವುದಕ್ಕೂ ನಂಟಿದೆಯೆಂದು ಗುರುತಿಸಿ, ಆ ಜಾಲವನ್ನು ಗುಂಪುಗುಂಪಾಗಿ ಬಿಡಿಸಬೇಕು. ಒಂದು ಗುಂಪಿನೊಳಗೆ ನಂಟು ಬಿಗಿಯಾಗಿರಬೇಕು, ಗುಂಪುಗಳ ನಡುವೆ ಸಡಿಲವಾಗಿರಬೇಕು. ಹಾಗಾದಾಗ ಒಂದನ್ನು ತಿದ್ದಹೋಗಿ ಇನ್ನೊಂದನ್ನು ಕೆಡಿಸುವ ಭಯ ಕಡಿಮೆ. ತಂತ್ರಾಂಶ ರಚಿಸುವವರಿಗೆ ಈ ಮಾತು ಇಂದು ಬಾಲಪಾಠ.

ಉದಾಹರಣೆಗೆಂದು ಅವರು ಎತ್ತಿಕೊಂಡದ್ದು 600 ಜನರ ಬೇಸಾಯದ ಹಳ್ಳಿ. ಅಗತ್ಯಗಳು 141. ಹಳ್ಳಿಗರು ತಾವೇ ಬಯಸಿದವು, ದೇಶದ ಆರ್ಥಿಕ ಮತ್ತು ಸಾಮಾಜಿಕ ಗುರಿಗಳು ಕೇಳುವಂಥವು, ಹಳೆಯ ಊರು ಸದ್ದಿಲ್ಲದೆ ಪೂರೈಸುತ್ತ ಬಂದವು, ಎಲ್ಲವೂ ಅಲ್ಲಿವೆ. ಯಂತ್ರ ಅವನ್ನು 4 ದೊಡ್ಡ, 12 ಚಿಕ್ಕ ಗುಂಪುಗಳಾಗಿ ಒಡೆಯಿತು.

ಪಟ್ಟಿಯನ್ನು ಓದುವ ನಮ್ಮವರು ಮೊದಲ ಸಾಲಿನಲ್ಲೇ ತಡೆದು ನಿಲ್ಲುತ್ತಾರೆ. ಹರಿಜನರನ್ನು ಮೈಲಿಗೆಯವರೆಂದು ಭಾವಿಸುವುದೇ ಅಲ್ಲಿ ಒಂದನೆಯ ಅಗತ್ಯ! ಶವಸಂಸ್ಕಾರದ ಏರ್ಪಾಡು ಎರಡನೆಯದು, ಮನೆಯ ಬಾಗಿಲು ದಕ್ಷಿಣಕ್ಕಿರಬಾರದೆಂಬುದು ಮೂರನೆಯದು. ಒಂದು ಜಾತಿಯವರು ಒಟ್ಟಾಗಿ, ಉಳಿದವರಿಂದ ಬೇರೆಯಾಗಿ ಇರಬಯಸುತ್ತಾರೆಂಬುದಕ್ಕೂ ಒಂದು ಸಂಖ್ಯೆ ದೊರೆತಿದೆ. ಲೇಖಕರು ಅಸ್ಪೃಶ್ಯತೆಯನ್ನು ಸಮರ್ಥಿಸಿದರೆಂದು ನಾನು ಹೇಳುತ್ತಿಲ್ಲ. ಕಂಡದ್ದನ್ನು ಬರೆದರು, ಅಷ್ಟೆ. ಆದರೆ ಯಾವ ಅಗತ್ಯ ಯಾವುದರೊಡನೆ ತಾಗುತ್ತದೆಂಬುದು ಆ ಪುಸ್ತಕದಲ್ಲಿ ಬರಿಯ ಸಂಖ್ಯೆಗಳ ಸಾಲಾಗಿದೆ. ಕುಡಿಯುವ ನೀರಿನ ಅಗತ್ಯವೂ ಒಂದು ಸಂಖ್ಯೆ, ನೆರೆಯವನನ್ನು ದೂರವಿಡುವ ಆಸೆಯೂ ಒಂದು ಸಂಖ್ಯೆ. ಎರಡರಲ್ಲಿ ಯಾವುದನ್ನು ಪೂರೈಸಬೇಕು, ಯಾವುದನ್ನು ನಿರಾಕರಿಸಬೇಕು ಎಂಬ ವಿವೇಕವನ್ನು ಆ ಎಣಿಕೆ ತನ್ನೊಳಗೆ ಇಟ್ಟುಕೊಂಡಿರಲಿಲ್ಲ. ಕಚೇರಿಯ ಅರ್ಜಿ ನಮೂನೆಯಲ್ಲಿ ಒಂದು ಅಂಕಣ ಏಕಿದೆಯೆಂದು ಕೇಳದೆ, ಇದೆಯೆಂಬ ಕಾರಣಕ್ಕೇ ಅದನ್ನು ಗಣಕಕ್ಕೆ ಇಳಿಸುವವರು ತುಳಿಯುವುದೂ ಇದೇ ದಾರಿ.

ಅಲೆಕ್ಸಾಂಡರ್ ಅಲ್ಲಿಯೇ ನಿಲ್ಲಲಿಲ್ಲ. ನಗರವನ್ನು ಕೊಂಬೆ ಕವಲುಗಳ ಮರದಂತೆ ವಿಭಜಿಸಲಾಗದೆಂದು 1965ರಲ್ಲಿ ಬರೆದರು. 1971ರ ಮುದ್ರಣದ ಮುನ್ನುಡಿಯಲ್ಲಿ ‘ವಿನ್ಯಾಸ ವಿಧಾನ’ಗಳ ಶಾಸ್ತ್ರದಿಂದಲೇ ದೂರ ಸರಿದರು. 1977ರ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಗ್ರಂಥದಲ್ಲಿ ಅವರೂ ಸಂಗಡಿಗರೂ ಮತ್ತೆ ಮತ್ತೆ ಎದುರಾಗುವ ಸಮಸ್ಯೆ, ಅದಕ್ಕೊಪ್ಪುವ ಪರಿಹಾರ, ಹೀಗೆ ಜೋಡಿಸಿದ 253 ಮಾದರಿಗಳನ್ನು ಕೊಟ್ಟರು. ಈ ಜೋಡಣೆಯನ್ನೇ ಅನುಸರಿಸಿ 1994ರಲ್ಲಿ ನಾಲ್ವರು ತಂತ್ರಾಂಶಕ್ಕೆ 23 ಮಾದರಿಗಳನ್ನು ಬರೆದರು. ಪುಸ್ತಕ ಜಗತ್ತಿನಾದ್ಯಂತ ಹರಡಿತು.

1996ರಲ್ಲಿ ಸ್ಯಾನ್ ಹೋಸೆ ನಗರದ ಸಮ್ಮೇಳನವೊಂದಕ್ಕೆ ಗಣಕತಜ್ಞರು ಆ ವಾಸ್ತುಶಿಲ್ಪಿಯನ್ನೇ ಕರೆಸಿದರು. ಅವರು ಸನ್ಮಾನಕ್ಕೆ ಮಾರುಹೋಗದೆ, ನಿಮ್ಮ ಮಾದರಿಗಳಿಂದ ಮನುಷ್ಯರ ಬಾಳು ಹಸನಾಗುತ್ತದೆಯೇ, ಅವುಗಳಲ್ಲಿ ನೈತಿಕವಾದ ಅಂಶವೇನಾದರೂ ಉಂಟೇ ಎಂದು ಕೇಳಿದರು.