ಪುಸ್ತಕಕ್ಕೆ ತಕ್ಕ ಕಾಗದ, ಪೆಟ್ಟಿಗೆಗೆ ತಕ್ಕ ರಟ್ಟು

ಕನ್ನಡ ಪುಸ್ತಕಗಳ ಆರಂಭದ ಪುಟಗಳಲ್ಲಿ, ಪ್ರಕಾಶಕರ ವಿಳಾಸದ ಆಸುಪಾಸಿನಲ್ಲಿ, 'ಬಳಸಿದ ಕಾಗದ: 70 ಜಿ.ಎಸ್.ಎಂ. ಮ್ಯಾಪ್‌ಲಿಥೋ, ಆಕಾರ: ಡೆಮಿ 1/8' ಎಂಬಂತಹ ಸಾಲೊಂದು ಅನೇಕ ವೇಳೆ ಕಾಣಸಿಗುತ್ತದೆ. ಓದುಗರು ದಾಟಿ ಹೋಗುವ ಈ ಸಾಲನ್ನು ಸ್ಮರಣ ಸಂಚಿಕೆ ತರುವ ಹೊರನಾಡ ಸಂಘಗಳ ಕಾರ್ಯಕರ್ತರು ಮಾತ್ರ ಅರಿತಿರಲೇಬೇಕು. ಅರಿಯದಿದ್ದಲ್ಲಿ ಮುದ್ರಣಾಲಯದವರು ತೋರಿಸಿದ್ದೇ ಕಾಗದವಾಗುತ್ತದೆ.

ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ಎ4 ಹಾಳೆಗಳು ಹದಿನಾರು ಸೇರಿದರೆ ಒಂದು ಚದರ ಮೀಟರ್ ಆಗುವುದರಿಂದ 80 ಜಿ.ಎಸ್.ಎಂ.ನ ಒಂದು ಹಾಳೆ 5 ಗ್ರಾಂ, 500 ಹಾಳೆಗಳ ಒಂದು ರೀಮು ಎರಡೂವರೆ ಕಿಲೋ ತೂಗಬೇಕು. ಸಂಶಯವಿದ್ದವರು ತಕ್ಕಡಿಯಲ್ಲಿಟ್ಟು ನೋಡಬಹುದು. ಆದರೆ ತೂಕವೂ ದಪ್ಪವೂ ಒಂದೇ ಅಲ್ಲ. ಒಂದೇ ತೂಕದ ಎರಡು ಕಾಗದಗಳಲ್ಲಿ ಒಂದನ್ನು ಯಂತ್ರದ ಉರುಳೆಗಳ ನಡುವೆ ಹೆಚ್ಚು ಒತ್ತಿದ್ದರೆ ಅದು ನುಣುಪಾಗಿಯೂ ತೆಳುವಾಗಿಯೂ ಇರುತ್ತದೆ.

ಪತ್ರಿಕಾ ಕಾಗದ ಸಾಮಾನ್ಯವಾಗಿ 42ರಿಂದ 49 ಜಿ.ಎಸ್.ಎಂ. ಇರುತ್ತದೆ. ಮರವನ್ನು ಯಾಂತ್ರಿಕವಾಗಿ ಅರೆದ ತಿರುಳು ಇದರಲ್ಲಿದ್ದರೆ ಲಿಗ್ನಿನ್ ಎಂಬ ವಸ್ತು ಹಾಗೆಯೇ ಉಳಿಯುತ್ತದೆ. ಬಿಸಿಲಿನಲ್ಲಿಟ್ಟ ಪತ್ರಿಕೆ ಕೆಲವೇ ದಿನಗಳಲ್ಲಿ ಹಳದಿಗಟ್ಟುವುದು ಇದರಿಂದ. ರಾಸಾಯನಿಕವಾಗಿ ಬೇಯಿಸಿದ ತಿರುಳಿನಲ್ಲಿ ಲಿಗ್ನಿನ್ ಬಹುಪಾಲು ಹೋಗಿರುತ್ತದೆ. ಪುಸ್ತಕಗಳ ಮ್ಯಾಪ್‌ಲಿಥೋ ಈ ಬಗೆಯದು. ಕಬ್ಬಿನ ಸಿಪ್ಪೆಯಿಂದಲೂ ಒಳ್ಳೆಯ ಕಾಗದವಾಗುತ್ತದೆ. 1979ರಲ್ಲಿ ಸ್ಥಾಪನೆಯಾದ, ಕರೂರು ಬಳಿಯ ತಮಿಳುನಾಡು ಸರ್ಕಾರದ ಕಾರ್ಖಾನೆಗೆ ಅದೇ ಆಧಾರ. ನಮ್ಮ ಭದ್ರಾವತಿಯಲ್ಲಿ 1936ರಲ್ಲಿ ಆರಂಭವಾದ ಮೈಸೂರು ಕಾಗದ ಕಾರ್ಖಾನೆಯೂ ಸಿಪ್ಪೆಯನ್ನು ಬಳಸುತ್ತಿತ್ತು. 2015ರಲ್ಲಿ ಅಲ್ಲಿನ ಉತ್ಪಾದನೆ ನಿಂತದ್ದು ಕನ್ನಡಿಗರಿಗೆ ನೋವಿನ ಸಂಗತಿಯೇ ಸರಿ. ದಾಂಡೇಲಿಯ ಕಾರ್ಖಾನೆ ಇಂದಿಗೂ ನಡೆಯುತ್ತಿದೆ.

ಛಾಯಾಚಿತ್ರಗಳಿಗೆ ಆರ್ಟ್ ಪೇಪರ್ ಬೇಕೆಂಬುದು ಎಲ್ಲರ ಆಸೆ. ಬಿಳಿ ಜೇಡಿ ಅಥವಾ ಸುಣ್ಣದ ಕಾರ್ಬೊನೇಟನ್ನು ಅಂಟಿನೊಡನೆ ಲೇಪಿಸಿರುವುದರಿಂದ ಶಾಯಿ ಒಳಗಿಳಿಯದೆ ಮೇಲೆಯೇ ನಿಂತು ಚಿತ್ರ ಸ್ಫುಟವಾಗಿ ಮೂಡುತ್ತದೆ. ಆದರೆ ಇದಕ್ಕೆ ನೀರೇ ಶತ್ರು. ನೆನೆದ ಪುಟಗಳು ಒಂದಕ್ಕೊಂದು ಅಂಟಿಕೊಂಡು ಒಣಗಿದರೆ ಬಿಡಿಸುವುದು ಬಹುಮಟ್ಟಿಗೆ ಅಸಾಧ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದುದನ್ನು ಕಂಡ ಮುಂಬಯಿಗರಿಗೆ, 2015ರ ಪ್ರವಾಹ ಕಂಡ ಚೆನ್ನೈ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಚಿತ್ರಗಳಿಗೆ ಎಂಟು ಪುಟ ಆರ್ಟ್ ಪೇಪರ್, ಉಳಿದುದಕ್ಕೆ ಮ್ಯಾಪ್‌ಲಿಥೋ ಎಂಬ ಹಳೆಯ ಪದ್ಧತಿಯೇ ಲೇಸೆಂದು ನನ್ನ ಅಭಿಪ್ರಾಯ. ಬರಹವನ್ನು ಹೊಳೆಯುವ ಕಾಗದದಲ್ಲಿ ಓದುವುದು ಕಣ್ಣಿಗೂ ಹಿತವಲ್ಲ.

ಕಾಗದಕ್ಕೆ ಎಳೆಯ ದಿಕ್ಕೂ ಉಂಟು. ಯಂತ್ರ ಓಡುವ ದಿಕ್ಕಿಗೇ ನಾರುಗಳು ಹೆಚ್ಚಾಗಿ ಸಾಲುಗೊಳ್ಳುತ್ತವೆ. ತೇವ ತಾಗಿದಾಗ ಕಾಗದ ಅದಕ್ಕೆ ಅಡ್ಡಲಾಗಿ ಹಿಗ್ಗುತ್ತದೆ. ಎಳೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರದಿದ್ದರೆ ಮಳೆಗಾಲದಲ್ಲಿ ಪುಟಗಳು ಅಲೆಯಂತೆ ಸುಕ್ಕುಗಟ್ಟುತ್ತವೆ. ಪರೀಕ್ಷೆ ಸುಲಭ: ಹಾಳೆಯನ್ನು ಎರಡೂ ದಿಕ್ಕಿಗೆ ಹರಿದು ನೋಡಿರಿ, ಎಳೆಯ ಗುಂಟ ನೇರವಾಗಿ ಹರಿಯುತ್ತದೆ.

ಇನ್ನು ರಟ್ಟು. ಸಿಹಿತಿಂಡಿಯ ಡಬ್ಬಿಗೆ ಬಳಸುವ ಡ್ಯೂಪ್ಲೆಕ್ಸ್ ಬೋರ್ಡಿನ ಮೇಲ್ಮೈ ಬಿಳಿ, ಬೆನ್ನು ಸಾಮಾನ್ಯವಾಗಿ ಬೂದು. ಬೂದು ಪದರ ರದ್ದಿಯಿಂದ ಬಂದುದಾದ್ದರಿಂದ ತಿಂಡಿ ನೇರವಾಗಿ ತಾಗದಂತೆ ಒಳಗೆ ಬೇರೆ ಹಾಳೆ ಹಾಕುವುದು ಅಗತ್ಯ. ಆ ಹಾಳೆ ಹಳೆಯ ಪತ್ರಿಕೆಯಂತೂ ಆಗಬಾರದು. 2018ರ ಆಹಾರ ಪ್ಯಾಕೇಜಿಂಗ್ ನಿಯಮಾವಳಿ ಅದನ್ನು ನಿಷೇಧಿಸಿದೆ. ಪಾರ್ಸೆಲ್ ಪೆಟ್ಟಿಗೆಯ ರಟ್ಟಿನಲ್ಲಿ ಎರಡು ಸಪಾಟು ಪದರಗಳ ನಡುವೆ ಅಲೆಯಾಕಾರದ ಪದರವೊಂದಿದ್ದರೆ ಮೂರು ಪದರದ್ದು. ಪುಸ್ತಕದಂತಹ ಭಾರಕ್ಕೆ ಐದು ಪದರದ್ದು ಮೇಲು. ಅಲೆಗಳು ನಿಂತ ಕಂಬಗಳಂತೆ ಲಂಬವಾಗಿದ್ದರೆ ಮಾತ್ರ ಪೆಟ್ಟಿಗೆ ಮೇಲಿನ ಹೊರೆಯನ್ನು ತಾಳುತ್ತದೆ.

ಆದರೆ ಪುಸ್ತಕದ ಆಯುಷ್ಯವನ್ನು ಆ ಮೊದಲ ಪುಟಗಳ ಸಾಲು ಹೇಳುವುದಿಲ್ಲ. ಶಾಯಿ ಹರಡದಿರಲೆಂದು ಕಾಗದಕ್ಕೆ ರಾಳವನ್ನೂ ಪಟಿಕವನ್ನೂ ಸೇರಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದಿತು. ಈ ಪಟಿಕದಿಂದ ಹುಟ್ಟುವ ಆಮ್ಲ ನಾರನ್ನು ಕತ್ತರಿಸುತ್ತದೆ. ನಮ್ಮ ಗ್ರಂಥಾಲಯಗಳಲ್ಲಿ ಐವತ್ತು ಅರವತ್ತು ವರ್ಷಗಳ ಹಿಂದಿನ ಕಾದಂಬರಿಗಳು ಮಡಚಿದೊಡನೆ ಹಪ್ಪಳದಂತೆ ಮುರಿಯುವುದಕ್ಕೆ ಹುಳುವಿಗಿಂತ ಹೆಚ್ಚಾಗಿ ಇದೇ ಕಾರಣ. ಅದಕ್ಕೂ ಹಿಂದಿನ, ಹತ್ತಿ ಚಿಂದಿಯಿಂದ ಕೈಯಲ್ಲಿ ತಯಾರಿಸಿದ ಕಾಗದ ಗಟ್ಟಿಯಾಗಿ ಉಳಿದಿರುವುದುಂಟು. ಈಗ ಆಮ್ಲರಹಿತ ಕಾಗದ ದೊರೆಯುತ್ತದೆ. ದೀರ್ಘಬಾಳಿಕೆಯ ಕಾಗದಕ್ಕೆ ಐ.ಎಸ್.ಓ. 9706 ಎಂಬ ಅಂತಾರಾಷ್ಟ್ರೀಯ ಮಾನಕ 1994ರಲ್ಲಿ ಬಂದಿದ್ದು, ಅದರಂತೆ ಶೇ. 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಕಾಗದದಲ್ಲೇ ಇರಬೇಕು.

ಸುವರ್ಣ ಮಹೋತ್ಸವದ ಸಂಚಿಕೆ ಶತಮಾನೋತ್ಸವದವರೆಗೆ ಬಾಳಬೇಕೆಂದಿದ್ದಲ್ಲಿ ದರಪಟ್ಟಿ ಕೇಳುವಾಗಲೇ 'ಆಮ್ಲರಹಿತ' ಎಂದು ಬರೆದು ಕೇಳಬೇಕು. ಈಗಾಗಲೇ ಇರುವ ಹಳೆಯ ಸಂಚಿಕೆಗಳನ್ನು ಹುಲ್ಲಿನ ರಟ್ಟಿನಿಂದ ಬೈಂಡ್ ಮಾಡಿಸದಿರುವುದು ಒಳಿತು. ಆ ರಟ್ಟಿನ ಆಮ್ಲ ಪಕ್ಕದ ಪುಟಗಳಿಗೂ ಇಳಿಯುತ್ತದೆ. ಪುಟಗಳ ನಡುವೆ ಗುರುತಿಗೆಂದು ಪತ್ರಿಕೆಯ ತುಣುಕು ಇಟ್ಟಿದ್ದರೆ ಅದನ್ನೂ ತೆಗೆದುಬಿಡಿರಿ, ಇಟ್ಟ ಜಾಗದಲ್ಲಿ ಕಂದು ಕಲೆ ಮೂಡಿರುವುದನ್ನು ನೀವೇ ಕಾಣುವಿರಿ.